ಸಮ್ಮೇಳನಕ್ಕೆ ಕಾರು ಹತ್ತುವ ವೈದ್ಯ ಮಿತ್ರರಿಗೆ

ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ದುಡಿಯುತ್ತಿರುವ ಹಿರಿಯರೇ, ಓರಗೆಯವರೇ, ಪಿ.ಜಿ. ವಿದ್ಯಾರ್ಥಿಗಳೇ,

ಮಳೆಗಾಲ ಕಳೆಯಿತೆಂದರೆ ನಮ್ಮ ಸಮ್ಮೇಳನಗಳ ಹಂಗಾಮು. ಅರಿವಳಿಕೆ ತಜ್ಞರ ರಾಷ್ಟ್ರೀಯ ಸಮ್ಮೇಳನ ಇಸಾಕಾನ್ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಬರುತ್ತದೆ. ಸರ್ಜನ್ನರದು, ಮೂಳೆಯವರದು, ಮಕ್ಕಳ ತಜ್ಞರದು ಅದರ ಹಿಂದುಮುಂದೆ. ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗಾಗಲೇ ವಿಮಾನದ ದರ, ಹೋಟೆಲ್ ಕೋಣೆ, ಯಾರ ಪೋಸ್ಟರ್ ಒಪ್ಪಿಗೆಯಾಯಿತು ಎಂಬ ಮಾತು ಓಡಾಡುತ್ತಿದೆ. ಆ ಮಾತುಕತೆಯಲ್ಲಿ ಒಂದು ಸಂಗತಿ ಯಾವಾಗಲೂ ಕೊನೆಗೆ, ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ: “ಏರ್‌ಪೋರ್ಟಿಗೆ ಗಾಡಿ ಹೇಳಿದೀನಿ, ರಾತ್ರಿ ಹನ್ನೊಂದಕ್ಕೆ ಎಲ್ರೂ ಗೇಟಿನ ಹತ್ರ ಬನ್ನಿ.” ಈ ಪತ್ರ ಆ ಒಂದು ಸಾಲಿನ ಬಗ್ಗೆ.

ನಮ್ಮ ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ದೆಹಲಿಗೆ ಹೋಗಲಿ, ಕೋಲ್ಕತ್ತಕ್ಕೆ ಹೋಗಲಿ, ನಾವು ಸಾಮಾನ್ಯವಾಗಿ ಮೊದಲು ಮುಟ್ಟುವುದು ದೇವನಹಳ್ಳಿಯ ನಿಲ್ದಾಣ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಸುಮಾರು 270 ಕಿ.ಮೀ., ನಾಲ್ಕೂವರೆ-ಐದು ತಾಸು. ಉದ್ಘಾಟನೆಯ ಹೊತ್ತಿಗೆ ತಲುಪಬೇಕೆಂದು ನಾವು ಹಿಡಿಯುವುದು ಬೆಳಗಿನ ಆರರ ವಿಮಾನ. ಒಂದು ತಾಸು ಮುಂಚೆಯೇ ಕೌಂಟರ್ ಮುಚ್ಚುತ್ತಾರೆ, ಹಾಗಾಗಿ ನಾಲ್ಕಕ್ಕೆ ಅಲ್ಲಿರಬೇಕು, ಊರು ಬಿಡುವುದು ರಾತ್ರಿ ಹನ್ನೊಂದಕ್ಕೆ. ಮೆದುಳು ನಿದ್ದೆಗೆ ಅತಿ ಹೆಚ್ಚು ಹಂಬಲಿಸುವುದು ರಾತ್ರಿ ಎರಡರಿಂದ ಬೆಳಗಿನ ಜಾವದವರೆಗೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಗಾಡಿ ತುಮಕೂರಿನ ಆಚೀಚೆ, ಲಾರಿಗಳ ಸಾಲಿನ ನಡುವೆ, ನೂರರ ವೇಗದಲ್ಲಿ ಓಡುತ್ತಿರುತ್ತದೆ. ಹಿಂದೆ ನಾವೆಲ್ಲ ಮಲಗಿರುತ್ತೇವೆ. ಚಾಲಕರ ಪಕ್ಕ ಕೂತವರೂ ಮಲಗಿರುತ್ತಾರೆ.

ವಿಮಾನದೊಳಗೆ ನಾವೇ ಬೇರೆ ಮನುಷ್ಯರು. ಗಗನಸಖಿ ಸಾಲುಸಾಲಾಗಿ ನೋಡುತ್ತ ಬರುವ ಮೊದಲೇ ಬೆಲ್ಟು ಬಿಗಿದಿರುತ್ತದೆ, ಸೀಟು ನೆಟ್ಟಗಾಗಿರುತ್ತದೆ, ಚೀಲ ಮುಂದಿನ ಸೀಟಿನ ಕೆಳಗೆ ಸರಿದಿರುತ್ತದೆ. ಪ್ರೊಫೆಸರ್, ಪಿ.ಜಿ. ಎಂಬ ಭೇದವಿಲ್ಲದೆ ಎಲ್ಲರೂ ಹೇಳಿದ್ದನ್ನು ಕೇಳುತ್ತೇವೆ. ಆ ಇಡೀ ಪ್ರಯಾಣದಲ್ಲಿ ಅತ್ಯಂತ ಸುರಕ್ಷಿತ ಭಾಗ ಆ ಎರಡು ಮೂರು ತಾಸಿನ ಹಾರಾಟ. ಅಪಾಯವಿರುವುದು ಅದರ ಮುಂಚಿನ ಮತ್ತು ನಂತರದ ರಸ್ತೆಯಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅವರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಈ ಹದಿನಾರು ಸಾವಿರದಲ್ಲಿ ಅರ್ಧದಷ್ಟು, ಅಂದರೆ 8,331 ಜನ, ಸ್ಟೀರಿಂಗ್ ಹಿಡಿದವರಲ್ಲ. ನಮ್ಮ ಹಾಗೆ ಕೂತು ಹೋಗುತ್ತಿದ್ದವರು.

ಬಾಡಿಗೆ ಗಾಡಿಯ ಹಿಂದಿನ ಸೀಟನ್ನು ಒಮ್ಮೆ ಸರಿಯಾಗಿ ನೋಡಿ. ಬೆಲ್ಟಿನ ಪಟ್ಟಿ ಮೇಲಿಂದ ಇಳಿಬಿದ್ದಿರುತ್ತದೆ, ಅದನ್ನು ಸಿಕ್ಕಿಸುವ ಬಕಲ್ ಕಾಣುವುದಿಲ್ಲ. ರೆಕ್ಸಿನ್ ಸೀಟ್ ಕವರ್ ಹೊಲಿಸುವಾಗ ಅದನ್ನು ಕೆಳಗೆ ತಳ್ಳಿ ಮುಚ್ಚಿರುತ್ತಾರೆ, ಮೇಲೊಂದು ಬಿಳಿ ಟವೆಲ್ ಬೇರೆ. ಸೀಟಿಗೂ ಒರಗುವ ಭಾಗಕ್ಕೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿ ತಡಕಬೇಕು. ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ, ಯಾರದೋ ಮಗುವಿನ ಕ್ಲಿಪ್ಪು, ಕೊನೆಗೆ ತಣ್ಣಗಿನ ಕಬ್ಬಿಣದ ಬಕಲ್. ಎಳೆದು ಮೇಲಕ್ಕೆ ತಂದರೆ ಧೂಳು ಹಿಡಿದಿರುತ್ತದೆ, ಆದರೆ ‘ಟಕ್’ ಎಂದು ಹಿಡಿಯುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದು ಕೆಟ್ಟಿರುವುದಿಲ್ಲ. ಯಾರೂ ಬಳಸದೆ ಒಳಗೆ ಹೂತುಹೋಗಿರುತ್ತದೆ, ಅಷ್ಟೇ. ಹೊರಡುವ ಹಿಂದಿನ ಸಂಜೆಯೇ ಗಾಡಿಯವರಿಗೆ ಫೋನ್ ಮಾಡಿ “ಹಿಂದಿನ ಬಕಲ್ ಎಲ್ಲಾ ಮೇಲೆ ತೆಗೆದಿಡ್ರಿ” ಎಂದರೆ ಐದು ನಿಮಿಷದ ಕೆಲಸ.

“ಹಿಂದೆ ಕೂತವ್ರಿಗೆ ಯಾಕ್ರೀ ಬೆಲ್ಟು?” ಎಂಬ ಮಾತನ್ನು ನಾನು ವೈದ್ಯರ ಬಾಯಿಂದಲೇ ಕೇಳುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮ 138ರಂತೆ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯ, 2019ರ ತಿದ್ದುಪಡಿಯಾದ ಮೇಲೆ ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಇರಲಿ. ಕ್ಯಾಷುವಾಲ್ಟಿಯಲ್ಲಿ ನಾವು ನೋಡುವುದಾದರೂ ಏನು? ಗಾಡಿ ಗಕ್ಕನೆ ನಿಂತಾಗ ಹಿಂದಿನ ಸೀಟಿನ ಅರವತ್ತು ಕೆ.ಜಿ. ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಮೊಣಕಾಲು ಮುಂದಿನ ಸೀಟಿಗೆ ಬಡಿದು ತೊಡೆಯ ಮೂಳೆ ಮುರಿಯುತ್ತದೆ, ಮುಖ ಬಡಿದು ದವಡೆ ಒಡೆಯುತ್ತದೆ, ಕತ್ತು ಹಿಂದಕ್ಕೋ ಮುಂದಕ್ಕೋ ಮಡಚಿಕೊಳ್ಳುತ್ತದೆ. ಬೆಲ್ಟು ಹಾಕಿಕೊಂಡು ಮುಂದೆ ಕೂತವರ ಬೆನ್ನಿಗೆ ಆ ಪೂರ್ತಿ ಭಾರ ಬಂದು ಅಪ್ಪಳಿಸುತ್ತದೆ. ದವಡೆ ಒಡೆದು, ಬಾಯಿ ತುಂಬ ರಕ್ತ ಇದ್ದು, ಕತ್ತಿಗೆ ಕಾಲರ್ ಹಾಕಿರುವ ರೋಗಿಗೆ ಉಸಿರಿನ ಕೊಳವೆ ಇಳಿಸುವುದು ಎಷ್ಟು ಕಷ್ಟ ಎಂದು ನಮ್ಮ ಅರಿವಳಿಕೆ ವಿಭಾಗದವರಿಗೆ ನಾನು ಹೇಳಬೇಕಿಲ್ಲ. ಅಂಥ ರಾತ್ರಿಗಳಲ್ಲಿ ತಲೆಯ ಬಳಿ ನಿಂತು ಲ್ಯಾರಿಂಜೋಸ್ಕೋಪ್ ಹಿಡಿದವರು ನಾವು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಹಾಡುಹಗಲು, ಒಳ್ಳೆಯ ಕಾರು, ಒಳಗೆ ನಾಲ್ಕು ಜನ ಪರಿಚಿತರು. ಮುಂದೆ ಕೂತ ಇಬ್ಬರು ಗಾಯಗೊಂಡರೂ ಉಳಿದರು, ಹಿಂದೆ ಕೂತ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದಾದ ಮೇಲೆ ಒಂದು ತಿಂಗಳು ಎಲ್ಲೆಲ್ಲೂ ಅದೇ ಮಾತಿತ್ತು. ನಮ್ಮ ಸಮ್ಮೇಳನದ ಗಾಡಿಗಳಲ್ಲಿ ಏನೂ ಬದಲಾಗಲಿಲ್ಲ.

ಬೆಲ್ಟಿಗಿಂತ ದೊಡ್ಡ ಮಾತು ನಿದ್ದೆಯದು. ಹಿಂದೊಮ್ಮೆ ನಾವು ಹೊರಟಾಗ ಬಂದ ಇನ್ನೋವಾದ ಬಾನೆಟ್ಟಿನ ಮೇಲೆ ಬಾಡಿದ ಚೆಂಡುಹೂವಿನ ಹಾರವಿತ್ತು, ಡ್ಯಾಶ್‌ಬೋರ್ಡಿನಲ್ಲಿ ಅರವಣ ಪ್ರಸಾದದ ಡಬ್ಬಿ. “ಶಬರಿಮಲೆಯಿಂದ ಯಾವಾಗ ಬಂದ್ರಿ?” ಎಂದೆ. “ಇವತ್ತು ಮಧ್ಯಾಹ್ನ ಮೇಡಂ. ನಿನ್ನೆ ಸಂಜೆ ಪಂಪೆ ಬಿಟ್ವಿ.” “ಮಲಗಿದ್ರಾ?” “ಸ್ವಲ್ಪ ಕಣ್ಣು ಮುಚ್ಚಿದ್ದೆ. ಏನೂ ಆಗಲ್ಲ ಬಿಡ್ರಿ ಮೇಡಂ.” ಮೂವತ್ತರ ಆಸುಪಾಸಿನ ಹುಡುಗ. ಕಣ್ಣಿನ ಬಿಳಿಭಾಗ ಕೆಂಪೇರಿತ್ತು; ಮಾತು ಮುಗಿಸುವಾಗ ಆಕಳಿಕೆ ತಡೆದು ಬಾಯಿ ಬಿಗಿಹಿಡಿದರು. ಮಾಲೀಕರಿಗೆ ಫೋನ್ ಮಾಡಿ ಬೇರೆ ಚಾಲಕರನ್ನು ಕರೆಸಿಕೊಂಡೆವು. ಅವರು ಬರುವವರೆಗೆ ಕಾಯಬೇಕಾಯಿತು, ವಿಮಾನ ತಪ್ಪುತ್ತದೆಂದು ಗಾಡಿಯಲ್ಲಿ ಚಡಪಡಿಕೆ ಎದ್ದಿತು, ಆದರೂ ಕೌಂಟರ್ ಮುಚ್ಚುವ ಮೊದಲೇ ತಲುಪಿದೆವು. ಆ ಹುಡುಗನನ್ನು ಆಟೊದಲ್ಲಿ ಮನೆಗೆ ಕಳಿಸಿ, ಅವರ ಬಾಟಾ ಅವರಿಗೇ ಕೊಟ್ಟೆವು. ಕೊಡದಿದ್ದರೆ ಮುಂದಿನ ಸಲ ಯಾವ ಚಾಲಕರೂ ನಮಗೆ ನಿಜ ಹೇಳುವುದಿಲ್ಲ.

ನವೆಂಬರ್‌ನಿಂದ ಜನವರಿಯವರೆಗೆ ನಮ್ಮ ಸಮ್ಮೇಳನ, ಅಯ್ಯಪ್ಪ ಮಾಲೆಯವರ ಯಾತ್ರೆ, ಶಾಲಾ ಪ್ರವಾಸ, ಮದುವೆ ಎಲ್ಲವೂ ಒಂದರ ಮೇಲೊಂದು. ಚಾಲಕರ ಗಳಿಕೆ ಕಿಲೋಮೀಟರ್ ಮತ್ತು ಬಾಟಾದ ಮೇಲೆ ನಿಂತಿದೆ, ಆದ್ದರಿಂದ ಬಂದ ಟ್ರಿಪ್ ಬಿಡಲು ಅವರಿಗೆ ಧೈರ್ಯ ಸಾಲದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಎರಡು ಗಾಡಿ ಇಟ್ಟುಕೊಂಡ ನಮ್ಮೂರ ಟ್ರಾವೆಲ್ಸ್ ಆ ಲೆಕ್ಕಕ್ಕೇ ಬರಲಿಲ್ಲ. ಅವರ ನಿದ್ದೆಯ ಬಗ್ಗೆ ಕೇಳುವವರು ಗಾಡಿ ಹತ್ತುವ ನಾವಲ್ಲದೆ ಇನ್ನಾರೂ ಇಲ್ಲ.

ಪೈಲಟ್‌ಗಳ ನಿದ್ದೆಗೆ ಈ ದೇಶ ಎಷ್ಟು ಬೆಲೆ ಕೊಡುತ್ತದೆ ನೋಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವರ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸಿತು, ರಾತ್ರಿ ವೇಳೆಯ ಲ್ಯಾಂಡಿಂಗನ್ನು ಆರರಿಂದ ಎರಡಕ್ಕೆ ಇಳಿಸಿತು. ಆ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಲಾಗದೆ 2025ರ ಡಿಸೆಂಬರ್ ಮೊದಲ ವಾರದಲ್ಲಿ ಸಾವಿರಾರು ಹಾರಾಟಗಳು ರದ್ದಾದವು, ಕೊನೆಗೆ ಕೆಲಕಾಲ ವಿನಾಯಿತಿ ಕೊಡಬೇಕಾಯಿತು. ನಿಲ್ದಾಣಗಳಲ್ಲಿ ಸಿಕ್ಕಿಕೊಂಡವರ ಪಾಡು ದೊಡ್ಡದೇ. ಆದರೂ ದಣಿದವರ ಕೈಗೆ ನೂರೆಂಬತ್ತು ಜೀವ ಕೊಡಬಾರದೆಂಬ ತತ್ವ ಸರಿಯಾದದ್ದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಗಾಡಿಯೊಳಗಿನ ಏಳು ಜೀವಗಳಿಗೂ ಅದೇ ತತ್ವ ಸಲ್ಲಬೇಕು. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಪ್ರಕಟಿಸಿದ ಪ್ರಯೋಗವನ್ನು ನಮ್ಮಲ್ಲಿ ಹಲವರು ಓದಿದ್ದೇವೆ. ಸತತ 17 ತಾಸು ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟು ಕುಸಿಯುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಒಪ್ಪುವ ಮಿತಿ 30 ಮಿಲಿಗ್ರಾಂ. ಕುಡಿದವರ ಗಾಡಿಯನ್ನು ನಾವ್ಯಾರೂ ಹತ್ತುವುದಿಲ್ಲವಲ್ಲ?

ಪಿ.ಜಿ. ಮಿತ್ರರೇ, ಈ ಲೆಕ್ಕ ನಿಮಗೂ ಸೇರುತ್ತದೆ. ರಾತ್ರಿ ಡ್ಯೂಟಿ ಮುಗಿಸಿ, ಬೆಳಗಿನ ರೌಂಡ್ಸ್ ಮುಗಿಸಿ, ಮಧ್ಯಾಹ್ನ ಪೋಸ್ಟರ್ ಪ್ರಿಂಟ್ ಹಾಕಿಸಿ, ಸಂಜೆ ಗೆಳೆಯರನ್ನು ಸ್ವಂತ ಕಾರಿನಲ್ಲಿ ಕೂರಿಸಿಕೊಂಡು “ನಾನೇ ಓಡಿಸ್ತೀನಿ, ದುಡ್ಡು ಉಳಿಯುತ್ತೆ” ಎಂದು ಹೊರಡುವವರು ನಿಮ್ಮಲ್ಲಿದ್ದಾರೆ. ನಿಮ್ಮ ಜೇಬಿನ ಕಷ್ಟ ನನಗೆ ಗೊತ್ತು. ಪೋಸ್ಟರೋ ಪ್ರಬಂಧವೋ ಮಂಡಿಸಬೇಕಿರುತ್ತದೆ. ನೋಂದಣಿ ಶುಲ್ಕ, ಟಿಕೆಟ್ಟು, ಕೋಣೆ ಎಲ್ಲವೂ ಸ್ಟೈಪೆಂಡಿನಿಂದಲೇ ಹೋಗಬೇಕು. ಆದರೂ ಮೂವತ್ತು ತಾಸು ಎಚ್ಚರವಿದ್ದ ನಿಮ್ಮ ಕೈಗೆ ಅರಿವಳಿಕೆಯ ಯಂತ್ರ ಕೊಡಲು ನಾನು ಒಪ್ಪುವುದಿಲ್ಲ, ಸ್ಟೀರಿಂಗ್ ಕೊಡಲೂ ಒಪ್ಪಲಾರೆ.

ಹಣ ಉಳಿಸುವ ಇನ್ನೊಂದು ದಾರಿ ವೈಟ್ ಬೋರ್ಡ್ ಗಾಡಿ. ಪರಿಚಯದವರ ಸ್ವಂತ ಕಾರು, ಬಾಡಿಗೆ ಕಡಿಮೆ. ಖಾಸಗಿ ನೋಂದಣಿಯ ಕಾರನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ, ಪಾಲಿಸಿಯ ಷರತ್ತು ಮುರಿದಿರೆಂದು ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಬಹುದು. ಹಳದಿ ಬೋರ್ಡಿನ ಗಾಡಿಯನ್ನೇ ಹೇಳಿ. ಜನರ ಲೆಕ್ಕದ ಜೊತೆ ಸಾಮಾನಿನ ಲೆಕ್ಕವನ್ನೂ ಹಾಕಿ. ಎರ್ಟಿಗಾದಲ್ಲಿ ಮೂರನೇ ಸಾಲು ತುಂಬಿದರೆ ಡಿಕ್ಕಿಯಲ್ಲಿ ಉಳಿಯುವ ಜಾಗ ಒಂದೆರಡು ಚೀಲಕ್ಕಷ್ಟೇ. ಮಿಕ್ಕ ಸೂಟ್‌ಕೇಸುಗಳು ಹಿಂದೆ ಕೂತ ಹೆಣ್ಣುಮಕ್ಕಳ ತಲೆಯ ಹಿಂದೆ, ತೊಡೆಯ ಮೇಲೆ ಏರುತ್ತವೆ. ಬ್ರೇಕ್ ಬಿದ್ದಾಗ ಅವುಗಳನ್ನು ಹಿಡಿದಿಡುವುದು ಏನೂ ಇಲ್ಲ.

ನಾವು ಆಪರೇಷನ್ ಥಿಯೇಟರಿನಲ್ಲಿ ಪ್ರತಿದಿನ ಓದುವ ಸುರಕ್ಷತಾ ಪಟ್ಟಿ ಎಲ್ಲಿಂದ ಬಂತು? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಆ ಪಟ್ಟಿಯನ್ನು ಹೊರತಂದಾಗ ಅದರ ಹಿಂದಿದ್ದದ್ದು ವಿಮಾನಯಾನದ ಅನುಭವ. ಎಷ್ಟೇ ನುರಿತ ಪೈಲಟ್ ಆದರೂ ನೆನಪನ್ನು ನಂಬದೆ, ಪಕ್ಕದವರೊಡನೆ ಗಟ್ಟಿಯಾಗಿ ಓದಿ ಖಾತ್ರಿ ಮಾಡಿಕೊಂಡೇ ಹೊರಡುತ್ತಾರೆ. ಅದನ್ನು ನಾವು ನಮ್ಮ ಮೇಜಿನ ಬಳಿ ತಂದುಕೊಂಡೆವು. ರೋಗಿಯ ಹೆಸರು, ಯಾವ ಬದಿಯ ಕಾಲು, ಅಲರ್ಜಿ ಇದೆಯೇ, ರಕ್ತ ಸಿದ್ಧವಿದೆಯೇ ಎಂದು ಗಟ್ಟಿಯಾಗಿ ಕೇಳುತ್ತೇವೆ. ಹೊಸದಾಗಿ ಸೇರಿದ ನರ್ಸ್ ಕೂಡ ಹಿರಿಯ ಸರ್ಜನ್ನರನ್ನು ತಡೆದು ನಿಲ್ಲಿಸಬಹುದು ಎಂಬುದು ಆ ಪಟ್ಟಿಯ ಜೀವಾಳ. ವಿಮಾನದಿಂದ ಓ.ಟಿ.ಗೆ ಬಂದ ಈ ಅಭ್ಯಾಸ, ಓ.ಟಿ.ಯಿಂದ ವಿಮಾನದವರೆಗಿನ ಗಾಡಿಯೊಳಗೆ ಮಾತ್ರ ಇಲ್ಲ. ಗಾಡಿ ಹೊರಡುವ ಮೊದಲು ಒಬ್ಬರು ಗಟ್ಟಿಯಾಗಿ ಕೇಳಲಿ: ಚಾಲಕರು ನಿನ್ನೆ ರಾತ್ರಿ ಮಲಗಿದ್ದರೇ, ಎಲ್ಲರ ಬೆಲ್ಟು ಬಿತ್ತೇ, ಮುಂದೆ ಕೂತು ಎಚ್ಚರವಿರುವವರು ಯಾರು, ಎಲ್ಲಿ ನಿಲ್ಲಿಸುತ್ತೇವೆ.

ಆ ಒಬ್ಬರು ಯಾರು ಎಂಬುದೇ ಮುಖ್ಯ, ಹಿರಿಯರಲ್ಲಿ ನನ್ನ ಬೇಡಿಕೆಯೂ ಇಲ್ಲೇ ಇದೆ. ಗಾಡಿ ಹೇಳುವ ಕೆಲಸ ಯಾವಾಗಲೂ ಕಿರಿಯ ಪಿ.ಜಿ.ಯದು. ಹೆಚ್.ಓ.ಡಿ.ಗೆ “ಸರ್, ಬೆಲ್ಟ್ ಹಾಕ್ಕೊಳ್ಳಿ” ಎನ್ನುವ ಸ್ಥಿತಿಯಲ್ಲಿ ಆ ಪಿ.ಜಿ. ಇರುವುದಿಲ್ಲ. ಪರೀಕ್ಷೆ ಹೆಚ್.ಓ.ಡಿ.ಯ ಕೈಯಲ್ಲಿದೆ. “ನನಗೆ ನಿದ್ದೆ ಬರ್ತಿದೆ, ಅರ್ಧ ತಾಸು ನಿಲ್ಲಿಸ್ತೀನಿ” ಎಂದು ಡಾಕ್ಟರರಿಗೆ ಹೇಳುವ ಧೈರ್ಯ ಚಾಲಕರಿಗೂ ಇಲ್ಲ. ಗಾಡಿಯೊಳಗೆ ಎಲ್ಲರಿಗಿಂತ ಹಿರಿಯರು ಯಾರೋ ಅವರೇ ಮೊದಲು ಬೆಲ್ಟು ಎಳೆದುಕೊಂಡರೆ, ಅವರೇ ಚಾಲಕರ ಹೆಸರು ಕೇಳಿ “ನಿದ್ದೆ ಬಂದ್ರೆ ನಿಲ್ಸಪ್ಪ, ಯಾರೂ ಏನೂ ಅನ್ನಲ್ಲ” ಎಂದರೆ, ಉಳಿದವರ ಬಾಯಿ ತಾನಾಗಿ ಬಿಚ್ಚುತ್ತದೆ. ಇದಕ್ಕೆ ಆದೇಶ ಬೇಡ, ಸಮಿತಿ ಬೇಡ.

ಆದೇಶ ಬೇಕಾಗಿರುವುದು ಬೇರೊಂದಕ್ಕೆ. ಆರರ ವಿಮಾನ ಹಿಡಿಯಲು ರಾತ್ರಿಯಿಡೀ ಓಡುವ ಬದಲು ಹಿಂದಿನ ಮಧ್ಯಾಹ್ನವೇ ಹೊರಡಬಹುದು. 2023ರ ಜೂನ್‌ನಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ; ಮಧ್ಯಾಹ್ನ ಹತ್ತಿದರೆ ಸಂಜೆಗೆ ಬೆಂಗಳೂರು, ಅಲ್ಲಿಂದ ವಾಯುವಜ್ರ ಬಸ್ಸು, ದೇವನಹಳ್ಳಿ ಬಳಿ ಒಂದು ರಾತ್ರಿ ಕೋಣೆ. ಆ ಒಂದು ರಾತ್ರಿಯ ಖರ್ಚನ್ನು ಪ್ರಯಾಣದ ಬಿಲ್ಲಿನಲ್ಲಿ ಒಪ್ಪಿಕೊಳ್ಳಿ ಎಂದು ಆಡಳಿತದವರನ್ನು ಕೇಳಬೇಕಾದದ್ದು ವಿಭಾಗದ ಮುಖ್ಯಸ್ಥರು. ಐದು ವರ್ಷಕ್ಕೆ 30 ತಾಸು ಮುಂದುವರಿಕೆ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿ ನಿಯಮಾವಳಿಯೇ ಹೇಳಿದೆ. ಸಮ್ಮೇಳನಕ್ಕೆ ಹೋಗುವುದು ನಮ್ಮ ಕೆಲಸದ ಭಾಗವೆಂದ ಮೇಲೆ, ಅಲ್ಲಿಗೆ ಜೋಪಾನವಾಗಿ ತಲುಪುವುದೂ ಕೆಲಸದ ಭಾಗವೇ.

ಹಿಂದಿರುಗುವ ದಾರಿ ಇನ್ನೂ ಕೆಟ್ಟದ್ದು. ಭಾನುವಾರ ಮಧ್ಯಾಹ್ನ ಸಮಾರೋಪ, ರಾತ್ರಿ ಹತ್ತೂವರೆಗೆ ದೇವನಹಳ್ಳಿಯಲ್ಲಿ ಇಳಿಯುವ ವಿಮಾನ, ಸೋಮವಾರ ಒಂಬತ್ತಕ್ಕೆ ಹಾಜರಾತಿ. ಮೂರು ದಿನ ಓಡಾಡಿ ದಣಿದ ನಾವು, ಸಂಜೆಯಿಂದ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿಕೊಂಡು ಕಾದು ಕೂತ ಚಾಲಕರು, ಎದುರಿಗೆ ಮತ್ತೆ ಅದೇ 270 ಕಿಲೋಮೀಟರ್. ಸೋಮವಾರ ಮಧ್ಯಾಹ್ನದವರೆಗೆ ವಿಶೇಷ ರಜೆ ಕೊಟ್ಟರೆ ಈ ಓಟ ನಿಲ್ಲುತ್ತದೆ. ಒಪಿಡಿಯನ್ನು ಹೋಗದೆ ಉಳಿದವರು ಅರ್ಧ ದಿನ ನೋಡಿಕೊಳ್ಳಬಹುದು; ಮುಂದಿನ ಸಮ್ಮೇಳನಕ್ಕೆ ಅವರು ಹೋದಾಗ ನಾವು ನೋಡಿಕೊಳ್ಳುತ್ತೇವೆ.

ಒಟ್ಟಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಗಾಡಿಯೊಳಗಿನ ಆ ತಾಸುಗಳನ್ನು ನಾನು ತುಂಬ ಪ್ರೀತಿಸುತ್ತೇನೆ. ವಿಭಾಗದಲ್ಲಿ ಎದುರಿಗೆ ನಿಂತರೆ ನಡುಗುವ ಹುಡುಗ, ಹಿರಿಯೂರು ದಾಟುವಷ್ಟರಲ್ಲಿ ತನ್ನ ಮೊದಲ ಸ್ಪೈನಲ್ ವಿಫಲವಾದ ದಿನವನ್ನು ಬಿಡಿಸಿ ಹೇಳುತ್ತಾನೆ. ಮೊದಲ ಸಲ ವಿಮಾನ ಹತ್ತುವ ಹುಡುಗಿ ಪೋಸ್ಟರ್ ಸುತ್ತಿದ ಕೊಳವೆಯನ್ನು ಯಾರ ಕೈಗೂ ಕೊಡದೆ ಎದೆಗವಚಿಕೊಂಡು ಕೂತಿರುತ್ತಾಳೆ. ಸಭಾಂಗಣದಲ್ಲಿ ಕೇಳಿದ ಉಪನ್ಯಾಸ ಮರೆತುಹೋಗಬಹುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಹಿರಿಯರೊಬ್ಬರು ಹೇಳಿದ ಕೇಸು ಬಹುಕಾಲ ಉಳಿಯುತ್ತದೆ. ಒಂದು ಗಾಡಿಯಲ್ಲಿ ಒಂದು ಇಡೀ ವಿಭಾಗ ಕೂತಿರುತ್ತದೆ ಎಂಬುದನ್ನು ಮಾತ್ರ ನೆನಪಿಡೋಣ. ಅದಕ್ಕೇನಾದರೂ ಆದರೆ ಒಂದು ಜಿಲ್ಲೆಯ ಹೆರಿಗೆ ಕೋಣೆ, ಅಪಘಾತ ವಿಭಾಗ, ಐ.ಸಿ.ಯು. ಒಂದೇ ರಾತ್ರಿಯಲ್ಲಿ ಬರಿದಾಗುತ್ತವೆ. ದೊಡ್ಡ ವಿಭಾಗಗಳಾದರೆ ಎರಡು ಗಾಡಿ ಮಾಡಿ, ಹಿರಿಯರೆಲ್ಲ ಒಂದರಲ್ಲೇ ಹತ್ತಬೇಡಿ.

ಈ ವಾರ ಟಿಕೆಟ್ ತೆಗೆಯುವವರು ಹೋಗುವ ವಿಮಾನಕ್ಕಿಂತ ಮೊದಲು ಬರುವ ವಿಮಾನ ಎಷ್ಟು ಹೊತ್ತಿಗಿದೆ ನೋಡಿ. ಗಾಡಿ ಹೇಳುವವರು ಬಾಡಿಗೆ ಕೇಳುವ ಮೊದಲು ಚಾಲಕರ ಹಿಂದಿನ ಟ್ರಿಪ್ ಯಾವುದೆಂದು ಕೇಳಿ, ರಾತ್ರಿ ಕಾಯಬೇಕಿದ್ದರೆ ಅವರ ಹಾಸಿಗೆಯ ಖರ್ಚನ್ನೂ ನಮ್ಮ ಪಾಲಿಗೆ ಸೇರಿಸಿ. ಹಿರಿಯರು ಈ ಪತ್ರವನ್ನು ತಮ್ಮ ಗುಂಪಿಗೆ ಕಳಿಸಿ, ಕೆಳಗೆ ತಮ್ಮ ಹೆಸರು ಸೇರಿಸಿದರೆ ಕಿರಿಯರಿಗೆ ಕೇಳಲು ಧೈರ್ಯ ಬರುತ್ತದೆ.

ಇಂತಿ,
ಅರಿವಳಿಕೆ ವಿಭಾಗದ ನಿಮ್ಮ ಸಹೋದ್ಯೋಗಿ,
ದಾವಣಗೆರೆ